ಲಾಗಿನ್ ಪಾಸ್‌ವರ್ಡ್ ‘ತೆಗೆದುಕೊಡ್ತೀವಿ’ ಅನ್ನೋರಿಗೆ ಕಂಪ್ಯೂಟರ್ ಒಪ್ಪಿಸಬೇಡಿ

ನಾನು ಕೇಳಿದ್ದು ಇಷ್ಟೇ: ಮನೆಯ ವಿಂಡೋಸ್ ಕಂಪ್ಯೂಟರ್ ಆನ್ ಮಾಡಿದಾಗ ಪಾಸ್‌ವರ್ಡ್ ಕೇಳಬಾರದು. ರಿಮೋಟ್‌ನಲ್ಲಿ ಒಳಬಂದ ರಿಪೇರಿಯವನು ಏನೇನೋ ಒತ್ತಿ, "ಆಯ್ತು ಸಾರ್, ರೀಸ್ಟಾರ್ಟ್ ಮಾಡಿ" ಅಂದ. ಸೀದಾ ಡೆಸ್ಕ್‌ಟಾಪ್ ಬಂತು. ದುಡ್ಡು ಕೊಟ್ಟಾಯ್ತು.

ಪರದೆ ಲಾಕ್ ಮಾಡೋಕೆ ವಿಂಡೋಸ್ ಕೀ ಜೊತೆ ಎಲ್ ಒತ್ತಿದಾಗ ಬಣ್ಣ ಬಯಲಾಯ್ತು. ಪಾಸ್‌ವರ್ಡ್ ಕೇಳ್ತು! ಹಳೆಯದು ಹಾಕಿದರೆ ತಪ್ಪು ಅಂತು. ಪುಣ್ಯಾತ್ಮ ತೆಗೆದೇ ಇರಲಿಲ್ಲ. ಇನ್ನೊಂದು ಅಡ್ಮಿನ್ ಅಕೌಂಟ್ ಮಾಡಿಕೊಂಡು, ಅದರಿಂದ ನನ್ನ ಅಕೌಂಟಿಗೆ ತನ್ನಿಷ್ಟದ ಪಾಸ್‌ವರ್ಡ್ ಜಡಿದಿದ್ದ. ಅದನ್ನೇ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ವಿನ್‌ಲಾಗಾನ್ ಕೀಯಲ್ಲಿ ‘ಡೀಫಾಲ್ಟ್‌ಪಾಸ್‌ವರ್ಡ್’ ಎದುರು ಬರೆದು, ತಾನಾಗೇ ಲಾಗಿನ್ ಆಗಲಿ ಅಂತ ‘ಆಟೋಅಡ್ಮಿನ್‌ಲಾಗಾನ್’ 1 ಮಾಡಿದ್ದ. ಗುಪ್ತಲಿಪಿಯಲ್ಲಲ್ಲ, ಯಾರು ಬೇಕಾದರೂ ಓದುವ ಹಾಗೆ, ಬಿಡಿಬಿಡಿ ಅಕ್ಷರದಲ್ಲಿ. ಬೀಗ ತೆಗೆಯಪ್ಪಾ ಅಂದರೆ ಹೊಸ ಬೀಗ ಹಾಕಿ ಕೀಲಿಯನ್ನ ಬಾಗಿಲಿಗೇ ನೇತುಹಾಕಿದ ಹಾಗೆ.

ಇದಿಷ್ಟೇ ಆಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳೂ ಕೈಕೊಟ್ಟವು. ಲೋಕಲ್ ಅಕೌಂಟಿನಲ್ಲಿ (ಮೈಕ್ರೋಸಾಫ್ಟ್ ಅಕೌಂಟ್ ಅಲ್ಲದೆ, ಆ ಕಂಪ್ಯೂಟರಿಗಷ್ಟೇ ಸೀಮಿತವಾದದ್ದು) ಅವುಗಳ ರಕ್ಷಣೆ ನಿಂತಿರೋದೇ ಲಾಗಿನ್ ಪಾಸ್‌ವರ್ಡ್ ಮೇಲೆ. ಹಳೆಯದನ್ನು ಕೊಟ್ಟು ನಾವೇ ಬದಲಿಸಿದರೆ ತೊಂದರೆಯಿಲ್ಲ. ಬೇರೆ ಅಡ್ಮಿನ್ ಬಲವಂತವಾಗಿ ರೀಸೆಟ್ ಮಾಡಿದರೆ ಕೊಂಡಿ ಕಡಿಯುತ್ತೆ. ವಿಂಡೋಸಿನದೇ ಫೈಲ್ ಗುಪ್ತಲಿಪಿ ಸೌಲಭ್ಯವಾದ ಇಎಫ್‌ಎಸ್‌ನಿಂದ ಎನ್‌ಕ್ರಿಪ್ಟ್ ಮಾಡಿದ ಫೈಲುಗಳ ಗತಿಯೂ ಅದೇ.

ಅವನನ್ನು ಕೇಳಿದ್ದಕ್ಕೆ ಮೊದಲ ಉತ್ತರ: "ಆನ್ ಮಾಡಿದ್ರೆ ಕೇಳ್ತಿಲ್ಲ ತಾನೆ ಸಾರ್?" ಎರಡನೇದು: "ಬ್ರೌಸರ್ ನಮ್ಮ ಕೆಲಸಕ್ಕೆ ಬರಲ್ಲ." ಮೂರನೇದಂತೂ ಮೈ ಉರಿಸಿತು: "ಪ್ರೊಫೈಲ್ ಡಿಲೀಟ್ ಮಾಡಿ ಹೊಸದಾಗಿ ಹಾಕೊಳ್ಳಿ." ಹಾಗೆ ಮಾಡಿದ್ದರೆ ಎಲ್ಲ ಶಾಶ್ವತವಾಗಿ ಹೋಗ್ತಿತ್ತು! ಪರಿಹಾರ ಇರೋದು ಹಳೆಯ ಪಾಸ್‌ವರ್ಡನ್ನೇ ಮತ್ತೆ ಹಾಕೋದರಲ್ಲಿ. ಹಾಕಿ, ಸೈನ್ ಔಟ್ ಆಗಿ ಒಳಬಂದರೆ ಕೊಂಡಿ ಕೂಡುತ್ತೆ. ಇಷ್ಟೂ ಗೊತ್ತಿಲ್ಲದವನು ಟೆಕ್ನಿಷಿಯನ್ನು.

ಈ ಕೆಲಸಕ್ಕೆ ಯಾರೂ ಬೇಡ. ಲೋಕಲ್ ಅಕೌಂಟ್ ಆದರೆ ಸೆಟ್ಟಿಂಗ್ಸ್, ಅಕೌಂಟ್ಸ್, ಸೈನ್-ಇನ್ ಆಪ್ಷನ್ಸ್. ಅಲ್ಲಿ ಪಾಸ್‌ವರ್ಡ್, ಚೇಂಜ್. ಹಳೆಯದು ಕೊಟ್ಟು ಹೊಸದರ ಜಾಗ ಖಾಲಿ ಬಿಡಿ. ಪಿನ್ ಇದ್ದರೆ ಅದನ್ನೂ ತೆಗೀರಿ. ಖಾಲಿ ಪಾಸ್‌ವರ್ಡ್ ಇರುವ ಅಕೌಂಟಿನಿಂದ ನೆಟ್‌ವರ್ಕ್ ಮೂಲಕ ಆ ಕಂಪ್ಯೂಟರಿಗೆ ಲಾಗಿನ್ ಆಗೋಕೆ ವಿಂಡೋಸ್ ಬಿಡಲ್ಲ, ಫೈಲ್ ಶೇರಿಂಗ್ ನಿಂತರೆ ಗಾಬರಿ ಬೇಡ.

ಮೈಕ್ರೋಸಾಫ್ಟ್ ಅಕೌಂಟಿಗೆ ಖಾಲಿ ನಡೆಯಲ್ಲ. ವಿಂಡೋಸ್ ಕೀ ಜೊತೆ ಆರ್ ಒತ್ತಿದಾಗ ಬರುವ ರನ್‌ನಲ್ಲಿ ‘ನೆಟ್‌ಪಿಎಲ್‌ವಿಜ್’ (netplwiz) ಕೊಟ್ಟು, ಪಾಸ್‌ವರ್ಡ್ ಕೊಡಲೇಬೇಕೆನ್ನುವ ಟಿಕ್ ತೆಗೀರಿ. ಟಿಕ್ ಬಾಕ್ಸೇ ಕಾಣದಿದ್ದರೆ ಸೈನ್-ಇನ್ ಆಪ್ಷನ್ಸ್‌ನಲ್ಲಿ ವಿಂಡೋಸ್ ಹಲೋ (ಪಿನ್, ಮುಖ, ಬೆರಳಚ್ಚಿನ ಲಾಗಿನ್) ಮಾತ್ರ ಸಾಕೆನ್ನುವ ಸ್ವಿಚ್ ಆಫ್ ಮಾಡಿ. ಆಮೇಲೆ ಕೇಳೋದು ಪಿನ್ ಅಲ್ಲ, ಅಕೌಂಟಿನ ಪಾಸ್‌ವರ್ಡ್. ಪಿನ್ ಹಾಕಿದರೂ ಅದು ಮೊದಲು ಓಕೆ ಅನ್ನುತ್ತೆ, ರೀಸ್ಟಾರ್ಟ್ ಆದಾಗ ಕೈಕೊಡುತ್ತೆ. ಹೊರಗೆ ಒಯ್ಯುವ ಲ್ಯಾಪ್‌ಟಾಪಿಗೆ ಇದ್ಯಾವುದೂ ಬೇಡ.

ಈಗಾಗಲೇ ಇಂಥವರ ಕೈಗೆ ಕೊಟ್ಟಿದ್ದರೆ, ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್ ಯೂಸರ್’ (net user) ಅಂತ ಹೊಡೆದು ಗೊತ್ತಿಲ್ಲದ ಅಕೌಂಟ್ ಇದೆಯಾ ನೋಡಿ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯನ್ನೂ ನೋಡಿ. ಅವನ ರಿಮೋಟ್ ಸಾಫ್ಟ್‌ವೇರ್ ನನ್ನದರಲ್ಲಿ ಇನ್ನೂ ಅಲ್ಲೇ ಕೂತಿತ್ತು.