ಶರಾವತಿ ಮಾದರಿಯೋ, ಶಾಲೆ ಸುತ್ತಲ ನಕ್ಷೆಯೋ?

ನಾಲ್ಕು-ಐದನೇ ತರಗತಿಗೆ ನಕ್ಷೆ ಕಲಿಸಲು ಮಲೆನಾಡಿನ ಶಾಲೆಗಳಿಗೆ ಶರಾವತಿ ನದಿಯ ಮಣ್ಣಿನ ಮಾದರಿ, ಶಾಲೆ ಸುತ್ತಲ ನಕ್ಷೆ ಎರಡೂ ಒಗ್ಗುತ್ತವೆ. ಒಂದಕ್ಕೇ ಸಮಯವಿದ್ದರೆ ಶಾಲೆ ಸುತ್ತಲ ನಕ್ಷೆಯನ್ನೇ ಹಿಡಿಯಿರಿ.

ಅದಕ್ಕೆ 10 ಮೀಟರ್ ಪ್ಲಾಸ್ಟಿಕ್ ಹಗ್ಗ, ಡ್ರಾಯಿಂಗ್ ಶೀಟ್, ಸ್ಕೇಲು ಸಾಕು. ಒಂದು ಹಗ್ಗದುದ್ದಕ್ಕೆ 1 ಸೆಂ.ಮೀ. ಗೆರೆ. ಹೆಜ್ಜೆ ಎಣಿಸಿ ಅಳೆದರೆ ಮಗುವಿನಿಂದ ಮಗುವಿಗೆ ಲೆಕ್ಕ ಬದಲಾಗಿ ರಸ್ತೆಗಳು ಕೂಡುವುದೇ ಇಲ್ಲ. ಉತ್ತರದ ಬಾಣವನ್ನು ಮೊದಲೇ ಹಾಕಿಸಿ. ಇಲ್ಲದಿದ್ದರೆ ತಂಡಕ್ಕೊಂದು ದಿಕ್ಕಾಗಿ ಹಾಳೆಗಳು ಹೊಂದುವುದಿಲ್ಲ.

ಮಣ್ಣಿನ ಮಾದರಿಗೆ 2×3 ಅಡಿ ಪ್ಲೈವುಡ್, ಜೇಡಿಮಣ್ಣು, ಸಣ್ಣಗೆ ಕತ್ತರಿಸಿದ ಒಣಹುಲ್ಲು ಬೇಕು, ಒಂದು ವಾರವೂ ಬೇಕು. ಅಂಬುತೀರ್ಥದಿಂದ ಹೊನ್ನಾವರದವರೆಗೆ ಶರಾವತಿ ಸುಮಾರು 128 ಕಿ.ಮೀ. ಹರಿಯುತ್ತದೆ, 2 ಕಿ.ಮೀ.ಗೆ 1 ಸೆಂ.ಮೀ. ಹಿಡಿದರೆ 64 ಸೆಂ.ಮೀ. ಆದರೆ ಅದೇ ಅಳತೆಯಲ್ಲಿ 253 ಮೀಟರಿನ ಜೋಗ ಬರೀ 1.3 ಮಿ.ಮೀ.! ಎತ್ತರವನ್ನು 40 ಪಟ್ಟು ಹಿಗ್ಗಿಸಿದರೆ 5 ಸೆಂ.ಮೀ. ಜಲಪಾತ ಕಾಣುತ್ತದೆ. ಹಿಗ್ಗಿಸಿದ್ದನ್ನು ಮಕ್ಕಳಿಗೆ ಹೇಳಲೇಬೇಕು. ಮಣ್ಣನ್ನು ಒಂದೇ ಸಲ ದಪ್ಪಗೆ ಮೆತ್ತಿದರೆ ಮೇಲ್ಭಾಗ ಬೇಗ ಒಣಗಿ ಬಿರಿಯುತ್ತದೆ, 1 ಸೆಂ.ಮೀ. ಪದರಗಳಲ್ಲಿ ಹಚ್ಚಿ. ಮೈದಾ-ಉಪ್ಪಿನ ಹಿಟ್ಟು ನಮ್ಮ ಮಳೆಗಾಲಕ್ಕೆ ಆಗದು, ಉಪ್ಪು ತೇವ ಹೀರಿ ಗುಡ್ಡಗಳೇ ಕುಸಿಯುತ್ತವೆ.

ಘಟ್ಟ, ಇಳಿಜಾರು, ಲಿಂಗನಮಕ್ಕಿಯ ಹಿನ್ನೀರು ಅರ್ಥವಾಗಬೇಕಾದರೆ ಮಾತ್ರ ಮಾದರಿಗೆ ಸಾಟಿಯಿಲ್ಲ. ಡಿಸೆಂಬರ್ ನಂತರ ಮಾಡಿಸಿ.