ಬದಿಯಡ್ಕ ಕಡೆಯ ವಾಚನಾಲಯದ ಭಾನುವಾರದ ಸಂವಾದ: ಈ ಸಲ ಗಲ್ಲು ಶಿಕ್ಷೆ

ಆಸುಪಾಸಿನಲ್ಲಿ ಇರುವವರು ಈ ಕಾರ್ಯಕ್ರಮಕ್ಕೆ ಒಮ್ಮೆಯಾದರೂ ಹೋಗಬೇಕು. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಈ ವಾಚನಾಲಯ ಇದೆ. ತಿಂಗಳಿಗೊಂದು ಭಾನುವಾರ ಸಂಜೆ ಸಂವಾದ ಇಡುತ್ತಾರೆ. ಫೀಸು ಇಲ್ಲ, ಸದಸ್ಯರಾಗಿರಬೇಕು ಅಂತಲೂ ಇಲ್ಲ. ಮಾತು ಕನ್ನಡದಲ್ಲಿ, ಯಾರಾದರೂ ಮಲಯಾಳದಲ್ಲಿ ಕೇಳಿದರೆ ಅದಕ್ಕೂ ಉತ್ತರ ಸಿಗುತ್ತದೆ.

ಗಲ್ಲು ಶಿಕ್ಷೆ ಬೇಕಾ ಬೇಡವಾ ಅಂತ ವಿಷಯ ಇಟ್ಟರೆ ಟಿವಿಯಲ್ಲಿ ನೋಡುವ ಹಾಗೆ ಬರೀ ಕೂಗಾಟವೇ ಆಗುತ್ತದೆ ಅಲ್ವಾ? ಇಲ್ಲಿ ಆಗಲಿಲ್ಲ. ನಡೆಸಿಕೊಡುವ ನಿವೃತ್ತ ಮಾಷ್ಟ್ರು ಮುಖ್ಯ ತೀರ್ಪುಗಳ ಸಾರಾಂಶವನ್ನು ಕನ್ನಡದಲ್ಲಿ ಕೈಯಲ್ಲೇ ಬರೆದು, ಜೆರಾಕ್ಸ್ ಮಾಡಿಸಿ, ಪಿನ್ ಹೊಡೆದು, ಬಾಗಿಲಲ್ಲೇ ಎಲ್ಲರ ಕೈಗೆ ಕೊಟ್ಟಿದ್ದರು. ಓದಲು ಹದಿನೈದು ನಿಮಿಷ. ಆಮೇಲೆ ಮಾತು. ಇಷ್ಟು ಮಾಡಿದ್ದಕ್ಕೇ ಎಲ್ಲ ಬದಲಾಯಿತು.

ಮೊದಲ ಪುಟದಲ್ಲಿ ಸುಪ್ರೀಂ ಕೋರ್ಟಿನ 1980ರ ಬಚ್ಚನ್ ಸಿಂಗ್ ತೀರ್ಪು. 'ಅಪರೂಪದಲ್ಲಿ ಅಪರೂಪ'ದ ಕೇಸಿಗೆ ಮಾತ್ರ ಗಲ್ಲು ಅಂತ ನಾವು ಪೇಪರಿನಲ್ಲಿ ಓದುವ ಮಾತು ಬಂದದ್ದು ಅಲ್ಲಿಂದ. ಐವರು ನ್ಯಾಯಾಧೀಶರಲ್ಲಿ ನಾಲ್ವರು ಗಲ್ಲು ಶಿಕ್ಷೆಯನ್ನು ಎತ್ತಿ ಹಿಡಿದರು, ಪಿ.ಎನ್. ಭಗವತಿ ಒಬ್ಬರೇ ಒಪ್ಪಲಿಲ್ಲ. ಯಾವ ನ್ಯಾಯಾಧೀಶರ ಮುಂದೆ ಕೇಸು ಬರುತ್ತದೆ ಅನ್ನುವುದರ ಮೇಲೆ ಮನುಷ್ಯನ ಜೀವ ನಿಲ್ಲಬಾರದು ಅನ್ನುವುದು ಅವರ ವಾದದ ತಿರುಳು. ನನಗೂ ಅದೇ ಸರಿ ಕಾಣುತ್ತದೆ.

ಎಲ್ಲರನ್ನೂ ಅಲ್ಲಾಡಿಸಿದ್ದು ಮಹಾರಾಷ್ಟ್ರದ ಅಂಕುಶ್ ಮಾರುತಿ ಶಿಂಧೆ ಪ್ರಕರಣ. 2003ರಲ್ಲಿ ಒಂದು ಮನೆಯಲ್ಲಿ ಭೀಕರ ಕೊಲೆ, ಅತ್ಯಾಚಾರ. ಅಲೆಮಾರಿ ಸಮುದಾಯದ ಆರು ಮಂದಿ ಬಡವರನ್ನು ಹಿಡಿದರು. ಕೆಳಗಿನ ಕೋರ್ಟ್ ಆರೂ ಮಂದಿಗೆ ಕೊಟ್ಟ ಗಲ್ಲನ್ನು ಹೈಕೋರ್ಟ್ ಮೂವರಿಗೆ ಮಾತ್ರ ಖಾಯಂ ಮಾಡಿ, ಉಳಿದ ಮೂವರಿಗೆ ಜೀವಾವಧಿ ಕೊಟ್ಟಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ಆರೂ ಮಂದಿಗೆ ಗಲ್ಲು ಅಂದಿತು. 2019ರಲ್ಲಿ ಅದೇ ಸುಪ್ರೀಂ ಕೋರ್ಟ್ ಆರೂ ಮಂದಿ ನಿರಪರಾಧಿಗಳು ಅಂತ ಬಿಡುಗಡೆ ಮಾಡಿ, ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂದಿತು. ಬದುಕಿ ಉಳಿದ ಸಾಕ್ಷಿ ಪೊಲೀಸರ ಫೋಟೋಗಳಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದರು, ಆ ನಾಲ್ವರನ್ನು ಯಾರೂ ಹಿಡಿಯಲೇ ಇಲ್ಲ. ಈ ಸಾಲು ಓದುವಾಗ ನನ್ನ ಪಕ್ಕದಲ್ಲಿದ್ದ ಹುಡುಗ ಬೆರಳಿಟ್ಟು ಎರಡೆರಡು ಸಲ ಓದಿದ. ನಡುವೆ ಯಾವುದಾದರೂ ವರ್ಷ ಅವರನ್ನು ಗಲ್ಲಿಗೇರಿಸಿದ್ದರೆ ಆ 5 ಲಕ್ಷವನ್ನು ಯಾರ ಕೈಗೆ ಕೊಡುತ್ತಿದ್ದರು?

ಎದುರು ಮಾತೂ ಬಂತು, ಬರಬೇಕು ಕೂಡ. ಒಬ್ಬರು ಅಕ್ಕ ಎದ್ದು ನಿಂತು, "ಮಾಷ್ಟ್ರೇ, ನಿಮ್ಮ ಮಗಳಿಗೇ ಹಾಗಾಗಿದ್ದರೆ ಆಗಲೂ ಹೀಗೇ ಹೇಳ್ತಿದ್ರಾ?" ಅಂತ ಕೇಳಿದರು. ಮಾಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಅಕ್ಕ, ಕತ್ತಿ ಹಿಡಿದು ಹೊರಡ್ತಿದ್ದೆನೋ ಏನೋ. ಅದಕ್ಕೇ ತೀರ್ಪನ್ನು ನನ್ನ ಕೈಗೆ ಕೊಡಬಾರದು" ಅಂದರು. ಅಕ್ಕನಿಗೆ ಸಮಾಧಾನ ಆಗಲಿಲ್ಲ, ಅದನ್ನು ನೇರವಾಗಿ ಹೇಳಿಯೇ ಕೂತರು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಕ್ಕಿದವನನ್ನು ಕೊಂದು, ನಿಜವಾದ ಅಪರಾಧಿಯನ್ನು ಊರಲ್ಲಿ ತಿರುಗಲು ಬಿಟ್ಟರೆ ಆ ಮಗಳಿಗೆ ಏನು ಸಿಕ್ಕಿತು?

ಕಣ್ಣೂರು ಜೈಲಿನ ಮಾತು ಬಂದಾಗ ಚರ್ಚೆ ನಮ್ಮ ಅಂಗಳಕ್ಕೇ ಬಂತು. ಮಲಗಿದ್ದವರ ತಲೆಗೆ ಹೊಡೆದು ಕೊಲ್ಲುತ್ತಿದ್ದ ರಿಪ್ಪರ್ ಚಂದ್ರನ್ ಹೆಸರು ಇಲ್ಲಿನ ಹಿರಿಯರಿಗೆಲ್ಲ ಗೊತ್ತು. ಅವನನ್ನು ಗಲ್ಲಿಗೇರಿಸಿದ್ದು ಅಲ್ಲೇ, 1991ರಲ್ಲಿ. ಕೇರಳದಲ್ಲಿ ಅದೇ ಕೊನೆಯದು. ಬ್ರಿಟಿಷರ ಕಾಲದ ರೈತ ಹೋರಾಟದಲ್ಲಿ ಒಬ್ಬ ಪೊಲೀಸ್ ಸತ್ತ ಕೇಸಿನಲ್ಲಿ ನಮ್ಮದೇ ಜಿಲ್ಲೆಯ ಕಯ್ಯೂರಿನ ನಾಲ್ವರು ರೈತರನ್ನು 1943ರ ಮಾರ್ಚ್ 29ರಂದು ಗಲ್ಲಿಗೇರಿಸಿದ್ದೂ ಅದೇ ಜೈಲಿನಲ್ಲಿ. ವಯಸ್ಸು ಚಿಕ್ಕದು ಅಂತ ಐದನೆಯವರು ಉಳಿದರು. ಆಗಿನ ಸರಕಾರಕ್ಕೆ ಕೊಲೆಗಾರರಾಗಿದ್ದವರು ಇವತ್ತು ನಮಗೆ ಹುತಾತ್ಮರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಸರಿಯಲ್ಲ, ನಾನು ಹಾಕುವುದೂ ಇಲ್ಲ. ಆದರೆ ಕೊಲ್ಲುವ ಅಧಿಕಾರ ಒಮ್ಮೆ ಸರಕಾರದ ಕೈಯಲ್ಲಿದ್ದರೆ ಅದು ಯಾರ ಮೇಲೆ ಬೀಳುತ್ತದೆ ಅನ್ನುವುದು ಆ ಕಾಲದ ಸರಕಾರಕ್ಕೆ ಬಿಟ್ಟದ್ದು, ನಾನು ಗಲ್ಲು ಶಿಕ್ಷೆ ಬೇಡವೇ ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನು ಕೊರತೆಗಳು. ಕಾನೂನಿನ ಬಗ್ಗೆ ಕನ್ನಡ ಪುಸ್ತಕ ಕಪಾಟಿನಲ್ಲಿ ಇಲ್ಲವೇ ಇಲ್ಲ ಅನ್ನಬಹುದು, ಇರುವುದೆಲ್ಲ ಮಲಯಾಳ. 2015ರ ಕಾನೂನು ಆಯೋಗದ 262ನೇ ವರದಿ, ಅಂದರೆ ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಬಿಟ್ಟು ಉಳಿದದ್ದಕ್ಕೆಲ್ಲ ಗಲ್ಲು ತೆಗೆಯಿರಿ ಅಂದ ವರದಿ, ಸಾರಾಂಶದಲ್ಲಿ ಒಂದೇ ಸಾಲಿನಲ್ಲಿ ಮುಗಿದಿತ್ತು, ಅದಕ್ಕೆ ಜಾಸ್ತಿ ಜಾಗ ಕೊಡಬೇಕಿತ್ತು. ಮೈಕ್ ಇಲ್ಲ, ಮಳೆ ಬಂದರೆ ಶೀಟಿನ ಸದ್ದಿಗೆ ಹಿಂದಿನವರಿಗೆ ಏನೂ ಕೇಳಿಸುವುದಿಲ್ಲ. ಐದಕ್ಕೆ ಶುರು ಮಾಡಿದರೆ ಪೆರ್ಲ ಕಡೆಯ ಬಸ್ಸಿಗೆ ಹೋಗುವವರು, ಅದರಲ್ಲೂ ಹೆಂಗಸರು, ಮಧ್ಯದಲ್ಲೇ ಎದ್ದು ಹೋಗಬೇಕಾಗುತ್ತದೆ. ಪ್ರಶ್ನೆ ಕೇಳಿದ ಆ ಅಕ್ಕನೂ ಹಾಗೇ ಹೊರಟರು. ಮೂರೂವರೆಗೆ ಶುರು ಮಾಡಿ ಅಂತ ಅಭಿಪ್ರಾಯ ಪುಸ್ತಕದಲ್ಲಿ ಬರೆದಿದ್ದೇನೆ, ಹೋದವರು ನೀವೂ ಬರೆಯಿರಿ.