ಕಾರಿನ ಮುಂದಿನ ಗಾಜು ಎರಡು ಸಲ ಬದಲಾಯಿಸಿದ ಮೇಲೆ: ಮೂರು ವರ್ಷದ ಅನುಭವ

ಈ ವಿಮರ್ಶೆಯನ್ನು ಬೇಕಂತಲೇ ತಡವಾಗಿ ಬರೆಯುತ್ತಿದ್ದೇನೆ. ಗಾಜು ಹಾಕಿಸಿದ ಮಾರನೇ ದಿನ ಕೇಳಿದರೆ ಯಾರಾದರೂ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಾರೆ. ಮೊದಲ ಸಲ ನಾನೂ ಕೊಟ್ಟಿದ್ದೆ. ಗಾಜು ಫಳಫಳ ಅನ್ನುತ್ತಿರುತ್ತದೆ, ಡ್ಯಾಶ್‌ಬೋರ್ಡನ್ನೂ ಒರೆಸಿ ಕೊಟ್ಟಿರುತ್ತಾರೆ, ಇನ್ನೇನು ಬೇಕು? ಆದರೆ ಈ ಕೆಲಸದ ಬಣ್ಣ ಬಯಲಾಗುವುದು ಒಂದೆರಡು ಜೋರು ಮಳೆ ಬಂದು ಹೋದ ಮೇಲೆ.

ಶುರುವಾಗಿದ್ದು ಒಂದು ಸಣ್ಣ ಕಲ್ಲಿನಿಂದ. ಮುಂದಿದ್ದ ಲಾರಿಯ ಚಕ್ರದಿಂದ ಹಾರಿ ಬಂದು ಬಡಿಯಿತು. ಬಟಾಣಿ ಕಾಳಿನಷ್ಟು ಗುರುತು. ಆ ವಾರವೇ ಹೋಗಿ ರೆಸಿನ್ (ಗುರುತಿನೊಳಗೆ ತುಂಬಿ ಗಟ್ಟಿಯಾಗಿಸುವ ಪಾರದರ್ಶಕ ಅಂಟು) ತುಂಬಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಈ ಕಥೆಯೇ ಇರುತ್ತಿರಲಿಲ್ಲ. ನಾನು ಎರಡು ತಿಂಗಳು ಸುಮ್ನೆ ಓಡಿಸಿದೆ. ಒಂದು ದಿನ ಬೆಳಿಗ್ಗೆ ಚಳಿ ಇತ್ತು, ಗಾಜಿನ ಮೇಲಿನ ಮಂಜು ಹೋಗಲಿ ಅಂತ ಬಿಸಿ ಗಾಳಿಯನ್ನು ಪೂರ್ತಿ ತಿರುಗಿಸಿದೆ ನೋಡಿ, ಟಿಕ್ ಅಂತ ಸದ್ದು ಬಂತು, ಆ ಗುರುತಿನಿಂದ ಹೊರಟ ಗೆರೆ ನನ್ನ ಕಣ್ಣೆದುರಿಗೇ ಅಂಚಿನವರೆಗೆ ಹರಿಯಿತು. ಬಿರುಕು ಅಂಚು ಮುಟ್ಟಿದ ಮೇಲೆ ರಿಪೇರಿಯ ಮಾತೇ ಇಲ್ಲ, ಗಾಜನ್ನೇ ಬದಲಾಯಿಸಬೇಕು.

ಮೊದಲ ಸಲ ನಾನು ನೋಡಿದ್ದು ಎರಡೇ: ಯಾರು ಬೇಗ ಬರುತ್ತಾರೆ, ಯಾರು ಕಡಿಮೆಗೆ ಮಾಡುತ್ತಾರೆ. ಮನೆ ಬಾಗಿಲಿಗೇ ಬಂದು ಒಂದು ಗಂಟೆಯೊಳಗೆ ಮುಗಿಸಿಕೊಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ, ಆದರೆ ಏನು ನೋಡಬೇಕು ಅಂತಲೇ ಗೊತ್ತಿರಲಿಲ್ಲ. ಈಗ ನೆನಪಿಸಿಕೊಂಡರೆ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಹಳೆ ಅಂಟನ್ನು ಚಾಕುವಿನಲ್ಲಿ ಎಳೆಯುವಾಗ ಫ್ರೇಮಿನ ಪೇಂಟ್ ಮೇಲೆ ಉದ್ದಕ್ಕೆ ಗೀರು ಬಿತ್ತು, ಅದರ ಮೇಲೆ ಪ್ರೈಮರ್ (ತುಕ್ಕು ಹಿಡಿಯದಂತೆ ಮೊದಲು ಹಚ್ಚುವ ಪದರ) ಹಚ್ಚದೆ ನೇರವಾಗಿ ಹೊಸ ಅಂಟು ಸುರಿದರು. ಗಾಜಿನ ಅಂಚನ್ನು ಬರಿಗೈಯಲ್ಲೇ ಹಿಡಿದು ತಂದರು. "ಗಾಡಿ ಯಾವಾಗ ತೆಗೀಬಹುದು?" ಅಂದೆ. "ಈಗಲೇ ಹೊರಡಿ ಸರ್, ಏನೂ ಆಗಲ್ಲ" ಅಂದರು. ಗಾಜಿನ ಹಿಂದೆ ಕೂತು ರಸ್ತೆಯ ಗೆರೆ ನೋಡುವ ಕ್ಯಾಮೆರಾ ಬಗ್ಗೆ ಕೇಳಿದ್ದಕ್ಕೆ "ಅದು ತಾನೇ ಸೆಟ್ ಆಗುತ್ತೆ" ಅಂತ ಉತ್ತರ ಬಂತು.

ಅದು ತಾನೇ ಸೆಟ್ ಆಗಲಿಲ್ಲ. ಕಾರು ಗೆರೆ ದಾಟುವಾಗ ಬರುವ ಲೇನ್ ಎಚ್ಚರಿಕೆ ಒಂದು ಕಡೆ ಸರಿಯಾಗಿ ಬರುತ್ತಿತ್ತು, ಇನ್ನೊಂದು ಕಡೆ ಗೆರೆ ಇನ್ನೂ ಅಷ್ಟು ದೂರ ಇರುವಾಗಲೇ ಬೀಪ್ ಬೀಪ್. ಎಂಬತ್ತು ಕಿಲೋಮೀಟರ್ ವೇಗ ದಾಟಿದರೆ ಮೇಲಿನ ಮೂಲೆಯಿಂದ ಸಣ್ಣ ಸಿಳ್ಳೆ. ಇವೆರಡನ್ನೂ ಹೇಗೋ ಸಹಿಸಿಕೊಂಡೆ. ಏಳನೇ ತಿಂಗಳಿಗೆ ಕಾರಿನೊಳಗೆ ಒದ್ದೆ ಗೋಣಿಚೀಲದ ವಾಸನೆ ಶುರುವಾಯಿತು. ಎಸಿ ಇರಬೇಕು ಅಂದುಕೊಂಡು ಫಿಲ್ಟರ್ ಬದಲಾಯಿಸಿದೆ, ಹೋಗಲಿಲ್ಲ. ಕೊನೆಗೆ ಪಕ್ಕದ ಸೀಟಿನ ಕೆಳಗಿನ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದರೆ ಬೆರಳಿನ ಸಂದಿಯಲ್ಲಿ ನೀರು ಬಂತು.

ಸೋರಿಕೆ ಹುಡುಕುವುದು ಸುಲಭ, ಇಬ್ಬರು ಬೇಕು ಅಷ್ಟೇ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರನ್ನು ಮೆಲ್ಲಗೆ, ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಬಿಡುತ್ತಾ ಹೋಗಬೇಕು. ಮೇಲಿನಿಂದ ಶುರುಮಾಡಿದರೆ ಎಲ್ಲ ಕಡೆ ನೀರಾಗಿ ಯಾವ ಜಾಗ ಅಂತ ತಿಳಿಯುವುದಿಲ್ಲ. ನಮ್ಮದರಲ್ಲಿ ಮೇಲಿನ ಮೂಲೆಯಿಂದ ಒಂದೊಂದೇ ಹನಿ ಇಳಿದು ಗಾಜಿನ ಪಕ್ಕದ ಕಂಬದ (ಪಿಲ್ಲರ್) ಕವರಿನ ಹಿಂದಿನಿಂದ ಕೆಳಗೆ ಹೋಗುತ್ತಿತ್ತು. ಆ ಜಾಗ ಬಿಚ್ಚಿಸಿದಾಗ ಗೀರು ಬಿದ್ದ ಗೆರೆಯುದ್ದಕ್ಕೂ ತುಕ್ಕು. ತುಕ್ಕಿನ ಮೇಲೆ ಅಂಟು ನಿಲ್ಲುವುದಿಲ್ಲ, ಹಪ್ಪಳದ ಹಾಗೆ ಎದ್ದು ಬಂದಿತ್ತು.

ಒದ್ದೆ ಕಾರ್ಪೆಟ್ ಒಂದೇ ಆಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಮುಂದಿನ ಗಾಜು ಬರೀ ಗಾಳಿ ತಡೆಯಲಿಕ್ಕೆ ಇರುವುದಲ್ಲ. ಬಹಳಷ್ಟು ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಮೇಲ್ಮುಖವಾಗಿ ಬಿಚ್ಚಿಕೊಂಡು, ಗಾಜಿಗೆ ಆತುಕೊಂಡು ಕೂತವರ ಕಡೆ ತಿರುಗುತ್ತದೆ. ಗಾಜೇ ಕಿತ್ತು ಹೋದರೆ ಏರ್‌ಬ್ಯಾಗ್ ಕೂಡ ಹೊರಗೆ. ಕಾರು ಮಗುಚಿದಾಗ ಮೇಲ್ಛಾವಣಿ ಕುಸಿಯದಂತೆ ತಡೆಯುವುದರಲ್ಲೂ ಇದರ ಪಾಲಿದೆ. ಇಷ್ಟನ್ನೂ ಹಿಡಿದು ನಿಲ್ಲಿಸಿರುವುದು ಸುತ್ತಲಿನ ಯುರಿಥೇನ್ ಅಂಟು ಮಾತ್ರ, ಸ್ಕ್ರೂ ಇಲ್ಲ, ಬೋಲ್ಟ್ ಇಲ್ಲ. ಗಾಜಿನ ಕಂಪನಿ ಯಾವುದು ಅಂತ ನಾವು ತಲೆ ಕೆಡಿಸಿಕೊಳ್ಳುತ್ತೇವೆ, ಅಂಟಿಸುವವರು ಯಾರು ಅಂತ ಕೇಳುವುದೇ ಇಲ್ಲ ಅಲ್ವಾ?

ಎರಡನೇ ಸಲ ಫೋನಿನಲ್ಲೇ ಕೆಲವು ಪ್ರಶ್ನೆ ಕೇಳಿದೆ. ಯಾವ ಅಂಟು, ಅದರ ಎಕ್ಸ್‌ಪೈರಿ ದಿನಾಂಕ ಏನು, ಗೀರು ಬಿದ್ದರೆ ಪ್ರೈಮರ್ ಹಚ್ಚುತ್ತೀರಾ, ಎಷ್ಟು ಹೊತ್ತಿನ ಮೇಲೆ ಗಾಡಿ ಓಡಿಸಬಹುದು, ಕ್ಯಾಮೆರಾ ಕ್ಯಾಲಿಬ್ರೇಷನ್ (ಅದರ ನೋಟವನ್ನು ಅಳತೆ ಹಿಡಿದು ಸರಿಹೊಂದಿಸುವುದು) ನೀವೇ ಮಾಡುತ್ತೀರಾ. ಇಬ್ಬರು "ನಾವು ಇಷ್ಟು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀವಿ" ಅಂತ ಸಿಡುಕಿದರು. ಮೂರನೆಯವರು ನನಗೇ ತಿರುಗಿ ಪ್ರಶ್ನೆ ಹಾಕಿದರು: ಮಳೆ ಬಂದರೆ ವೈಪರ್ ತಾನೇ ಆಡಿಸುವ ಮಳೆ ಸೆನ್ಸರ್ ಇದೆಯಾ, ಗಾಜಿನ ಮೂಲೆಯಲ್ಲಿ ಏನೇನು ಬರೆದಿದೆ ಫೋಟೋ ಕಳಿಸಿ, ಚಾಸಿ ನಂಬರ್ ಕೊಡಿ. ಕೆಲಸ ಅವರಿಗೇ ಕೊಟ್ಟೆ.

ಆ ಪ್ರಶ್ನೆಗಳಿಗೆ ಕಾರಣ ಇದೆ. ಒಂದೇ ಮಾಡೆಲ್ ಕಾರಿಗೆ ನಾಲ್ಕೈದು ಬಗೆಯ ಗಾಜು ಇರಬಹುದು. ಎಲ್ಲದರಲ್ಲೂ ಎರಡು ಹಾಳೆ ಗಾಜು, ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಪದರ, ಸಾಮಾನ್ಯವಾಗಿ 0.76 ಮಿಲಿಮೀಟರ್ ದಪ್ಪ. ಒಡೆದರೂ ಚೂರುಗಳು ಉದುರದೆ ಅಂಟಿಕೊಂಡೇ ಇರುವುದು ಈ ಪದರದಿಂದ. ವ್ಯತ್ಯಾಸ ಇರುವುದೂ ಇದರಲ್ಲೇ. ಸದ್ದು ತಗ್ಗಿಸುವ ಗಾಜಿನಲ್ಲಿ ಬೇರೆ ಥರದ ಪದರ. ವೇಗದ ಅಂಕಿ ಗಾಜಿನ ಮೇಲೇ ಕಾಣಿಸುವ ಹೆಡ್-ಅಪ್ ಡಿಸ್‌ಪ್ಲೇ ಇರುವ ಕಾರಿಗೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುವ ಪದರ ಬೇಕು. ಮಾಮೂಲಿ ಗಾಜು ಹಾಕಿದರೆ ಅಂಕಿ ಎರಡೆರಡಾಗಿ ಕಾಣುತ್ತದೆ. ನನ್ನ ಕಾರಿಗೆ ಬಂದದ್ದು ಸದ್ದು ತಗ್ಗಿಸುವ ಗಾಜು, ಮೊದಲ ಸಲ ಹಾಕಿದ್ದು ಮಾಮೂಲಿ ಗಾಜು. ಟೈರಿನ ಸದ್ದು ಯಾಕೆ ಜಾಸ್ತಿಯಾಯಿತು ಅಂತ ನಾನು ಟೈರನ್ನೇ ಬೈಯುತ್ತಿದ್ದೆ!

ಕಾರ್ ಕಂಪನಿಯ ಲೋಗೋ ಇರುವ ಗಾಜೇ ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಸೇಂಟ್ ಗೋಬೈನ್, ಎಜಿಸಿ, ಪಿಲ್ಕಿಂಗ್ಟನ್, ಫುಯಾವ್ ಇವರೆಲ್ಲ ಕಾರ್ ಕಂಪನಿಗಳಿಗೂ ಗಾಜು ಕೊಡುತ್ತಾರೆ, ತಮ್ಮ ಹೆಸರಿನಲ್ಲಿ ಹೊರಗೂ ಮಾರುತ್ತಾರೆ. ನಾನು ಲೋಗೋ ಇಲ್ಲದ್ದನ್ನೇ ತೆಗೆದುಕೊಂಡೆ, ಸುಮಾರು ಅರ್ಧ ಬೆಲೆಗೆ ಸಿಕ್ಕಿತು. ಮೂಲೆಯಲ್ಲಿ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಪ್ಪಿಗೆ ಕೊಟ್ಟ ದೇಶದ ಅಂಕಿ, 43ಆರ್ (ವಾಹನದ ಗಾಜಿನ ಸುರಕ್ಷತೆಯ ಅಂತರರಾಷ್ಟ್ರೀಯ ನಿಯಮ) ಅನ್ನುವ ಗುರುತು ಇದೆಯಾ ನೋಡಿಕೊಂಡೆ. ಹೆಡ್-ಅಪ್ ಡಿಸ್‌ಪ್ಲೇ ಇದ್ದಿದ್ದರೆ, ಅಥವಾ ಕಂಪನಿ ಗಾಜು ಬಿಟ್ಟು ಬೇರೆಯದಕ್ಕೆ ಕ್ಯಾಲಿಬ್ರೇಷನ್ ಸರಿಯಾಗಿ ಕೂರುವುದಿಲ್ಲ ಅಂತ ಕೆಲಸದವರೇ ಹೇಳಿದ್ದಿದ್ದರೆ ಕಂಪನಿಯದ್ದಕ್ಕೇ ಹೋಗುತ್ತಿದ್ದೆ. ಗಾಜು ಹಾಕುವ ಮೊದಲು ಅದನ್ನು ನಿಲ್ಲಿಸಿ, ಅದರ ಮೂಲಕ ದೂರದ ಒಂದು ಕಂಬ ನೋಡಿ, ತಲೆ ಆ ಕಡೆ ಈ ಕಡೆ ಆಡಿಸಿ. ಕಂಬ ಹಾವಿನ ಹಾಗೆ ನುಲಿದರೆ ಆ ಗಾಜು ಬೇಡ.

ಕೆಲಸ ನೋಡಲು ಖುಷಿಯಾಯಿತು. ಚಾಕು ಬಿಟ್ಟು ತಂತಿಯಲ್ಲಿ ಹಳೆ ಅಂಟು ಕೊಯ್ದರು. ತುಕ್ಕನ್ನು ಲೋಹ ಕಾಣುವವರೆಗೆ ಉಜ್ಜಿ ತೆಗೆದು, ಪ್ರೈಮರ್ ಹಚ್ಚಿ, ಪೇಂಟ್ ಹೊಡೆದು ಒಣಗಲು ಬಿಟ್ಟರು, ಅದಕ್ಕೇ ಒಂದು ದಿನ ಜಾಸ್ತಿ ಹಿಡಿಯಿತು. ಫ್ರೇಮಿನ ಮೇಲೆ ಹಳೆ ಅಂಟನ್ನು ಪೂರ್ತಿ ಕೆರೆಯದೆ ಒಂದೆರಡು ಮಿಲಿಮೀಟರ್ ಉಳಿಸಿದರು. ಸೋಮಾರಿತನ ಅಂದುಕೊಂಡೆ, ಆದರೆ ಹೊಸ ಯುರಿಥೇನ್ ಚೆನ್ನಾಗಿ ಹಿಡಿಯುವುದು ಆಗ ತಾನೇ ಕೊಯ್ದ ಹಳೆ ಯುರಿಥೇನ್ ಮೇಲೆಯೇ ಅಂತೆ. ಒರೆಸಿದ ಮೇಲೆ ಗಾಜಿನ ಅಂಚಿನ ಕಪ್ಪು ಪಟ್ಟಿಯನ್ನು ಗ್ಲೌಸ್ ಇಲ್ಲದೆ ಯಾರೂ ಮುಟ್ಟಲಿಲ್ಲ. ಬೆರಳಿನ ಜಿಡ್ಡು ಕೂತರೆ ಅಂಟು ಹಿಡಿಯದು. ಆಮೇಲೆ ಗನ್ನಿನಲ್ಲಿ ಅಂಟನ್ನು ಎಲ್ಲೂ ಕಡಿಯದ ಒಂದೇ ತ್ರಿಕೋನದ ಬತ್ತಿಯಂತೆ ಸುತ್ತಲೂ ಎಳೆದರು. ಗಾಜನ್ನು ಇಬ್ಬರು ಸಕ್ಷನ್ ಕಪ್ಪಿನಲ್ಲಿ ಹಿಡಿದು ಒಂದೇ ಸಲಕ್ಕೆ ಇಳಿಸಿದರು, ಇಟ್ಟ ಮೇಲೆ ಜರುಗಿಸಲಿಲ್ಲ.

"ಈಗಲೇ ಹೊರಡಲಾ?" ಅಂದೆ, ಬೇಕಂತಲೇ. "ನಾಲ್ಕು ಗಂಟೆ ಆಗ್ಲಿ ಸರ್, ಇವತ್ತು ಚಳಿ ಇದೆ" ಅಂದರು. ಈ ಅಂಟು ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ, ಚಳಿ ಮತ್ತು ಒಣ ಹವೆಯಲ್ಲಿ ನಿಧಾನ. ಒಂದೇ ಗಂಟೆಗೆ ಓಡಿಸಬಹುದಾದ ಅಂಟೂ ಇದೆ, ಆದ್ದರಿಂದ ಟ್ಯೂಬಿನ ಮೇಲೆ ಏನಿದೆಯೋ ಅದೇ ಲೆಕ್ಕ. ಒಂದು ದಿನ ಕಿಟಕಿಯನ್ನು ಸ್ವಲ್ಪ ಇಳಿಸಿಡಿ ಅಂದರು, ಯಾಕೆಂದರೆ ಎಲ್ಲ ಮುಚ್ಚಿಕೊಂಡು ಬಾಗಿಲು ಧಡ್ ಅಂತ ಹಾಕಿದರೆ ಒಳಗಿನ ಗಾಳಿ ಹಸಿ ಅಂಟನ್ನು ಹೊರಕ್ಕೆ ನೂಕುತ್ತದೆ. ಜೋರು ನೀರಿನ ವಾಷಿಂಗ್ ಒಂದು ವಾರ ಬೇಡ ಅಂದರು. ಮಾರನೇ ದಿನ ಸಮತಟ್ಟು ಜಾಗದಲ್ಲಿ, ಟೈರಿನ ಗಾಳಿ ಸರಿಮಾಡಿ, ಮುಂದೆ ಅಳತೆ ಹಿಡಿದು ಬೋರ್ಡ್ ನಿಲ್ಲಿಸಿ ಕ್ಯಾಮೆರಾ ಕ್ಯಾಲಿಬ್ರೇಟ್ ಮಾಡಿ, ರಿಪೋರ್ಟ್ ಪ್ರಿಂಟ್ ಕೊಟ್ಟರು.

ಮೂರು ವರ್ಷ, ಐವತ್ತು ಸಾವಿರ ಕಿಲೋಮೀಟರ್ ಮೇಲೆ ಲೆಕ್ಕ ಹೀಗಿದೆ. ಒಂದು ಹನಿ ಸೋರಿಲ್ಲ, ಸಿಳ್ಳೆ ಇಲ್ಲ, ಲೇನ್ ಎಚ್ಚರಿಕೆ ಎರಡೂ ಕಡೆ ಸಮ. ದೂರುಗಳೂ ಇವೆ. ವೈಪರ್ ಬುಡದ ಪ್ಲಾಸ್ಟಿಕ್ ಕವರಿನ ಒಂದು ಕ್ಲಿಪ್ ಬಿಚ್ಚುವಾಗ ಮುರಿದಿದ್ದನ್ನು ನನಗೆ ಹೇಳಲಿಲ್ಲ, ಕವರ್ ಗಡಗಡ ಅಂದ ಮೇಲೆ ನಾನೇ ಹಾಕಿಸಿದೆ. ಮಳೆ ಸೆನ್ಸರನ್ನು ಗಾಜಿಗೆ ಕೂರಿಸುವ ಮೆತ್ತನೆಯ ಜೆಲ್ ಪ್ಯಾಡ್ ಹಳೆಯದನ್ನೇ ಅಂಟಿಸಿದ್ದರು, ಗುಳ್ಳೆ ಬಂದು ಬಿಸಿಲಲ್ಲೂ ವೈಪರ್ ಆಡುತ್ತಿತ್ತು. ಹೇಳಿದ ಮೇಲೆ ಹೊಸದು ಹಾಕಿಕೊಟ್ಟರು, ಕೇಳುವವರೆಗೆ ಮಾತ್ರ ಸುಮ್ಮನಿದ್ದರು. ಕೆಳಗಿನ ಎಡ ಮೂಲೆಯಲ್ಲಿ ಗಾಜು ಸ್ವಲ್ಪ ಅಲೆಯಾಗಿ ಕಾಣುತ್ತದೆ, ಕಣ್ಣು ಅಲ್ಲಿಗೆ ಹೋಗುವುದಿಲ್ಲವಾದ್ದರಿಂದ ಬಿಟ್ಟಿದ್ದೇನೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಮೊದಲನೆಯವರಿಗೆ ಕೊಟ್ಟಿದ್ದ ಐದನ್ನು ಒಂದಕ್ಕೆ ಇಳಿಸಿದ್ದಾಗಿದೆ.

ಹೋದ ತಿಂಗಳು ಮತ್ತೊಂದು ಕಲ್ಲು ಬಡಿಯಿತು. ಈ ಸಲ ಕಾರು ಪಕ್ಕಕ್ಕೆ ಹಾಕಿ, ಧೂಳು ಒಳಗೆ ಹೋಗದ ಹಾಗೆ ಮೇಲೆ ಟೇಪ್ ಅಂಟಿಸಿ, ಎರಡನೇ ದಿನಕ್ಕೇ ಅವರ ಹತ್ತಿರ ಹೋದೆ. ಅರ್ಧ ಗಂಟೆಯಲ್ಲಿ ರೆಸಿನ್ ತುಂಬಿ ಕೊಟ್ಟರು. ಎಲ್ಲಿದೆ ಅಂತ ಗೊತ್ತಿದ್ದರೆ ಮಾತ್ರ ಕಾಣುತ್ತದೆ.